ವಿಭೂತಿ ಹಚ್ಚಿದ ರೂಟರು

ನನ್ನ ನೆನಪಿನಲ್ಲಿರುವ ರೂಟರಿನ ಮೈಮೇಲೆ ವಿಭೂತಿಯ ಮೂರು ಗೆರೆಗಳಿವೆ, ನಡುವೆ ಕುಂಕುಮದ ಬೊಟ್ಟು. ನನ್ನ ಬಳಿ ಉಳಿದಿರುವ ಒಂದೇ ಫೋಟೋದಲ್ಲಿ ಅದರ ಮೈ ಬೋಳು. ಫೋಟೋ ತೆಗೆದದ್ದು ಆಯುಧಪೂಜೆಗೆ ಮೊದಲೋ ಆಮೇಲೋ, ಹೇಳಲಾರೆ. ಹೀಗಾಗಿ ಈ ಬರಹದಲ್ಲಿ ನನಗೆ ಅನುಮಾನವಿರುವ ಕಡೆ ಅನುಮಾನವಿದೆ ಎಂದೇ ಬರೆಯುತ್ತೇನೆ. ಒಂದರಲ್ಲಿ ಮಾತ್ರ ಅನುಮಾನವಿಲ್ಲ. ಆ ಪೆಟ್ಟಿಗೆಯ ಹಿಂಬದಿಯ ಸಣ್ಣ ತೂತಿನೊಳಗೆ ನಾನು ಸೂಜಿ ಇಟ್ಟಾಗ ಒಳಗಿನ ಗುಂಡಿ ಟಕ್ ಎಂದಿತು. ಅಷ್ಟು ಸಲೀಸಾಗಿ.

ಹೊಸಪೇಟೆಯಲ್ಲಿ ಅದಿರಿನ ವರ್ಷಗಳು. ಎರಡು ಸಾವಿರದ ಎಂಟೋ ಒಂಬತ್ತೋ. ಸಂಡೂರಿನ ಕಡೆಯಿಂದ ಟಿಪ್ಪರುಗಳು ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿದ್ದವು. ಕಿಟಕಿ ಮುಚ್ಚಿದ್ದರೂ ಅನ್ನದ ತಟ್ಟೆಯ ಅಂಚಿನ ಮೇಲೆ ಕೆಂಪು ಕೂರುತ್ತಿತ್ತು. ನನ್ನ ಅತ್ತೆ ಕಂಪ್ಲಿಯವರು, ನೀರಿನ ಊರಿನವರು. ಈ ಧೂಳನ್ನು ಅವರು ತಮಗೆ ಯಾರೋ ಬೇಕೆಂದೇ ಮಾಡಿದ ಅವಮಾನವೆಂದು ತಿಳಿದಿದ್ದರು. ಬೆಳಿಗ್ಗೆ ಸಂಜೆ ಒದ್ದೆ ಬಟ್ಟೆ ಹಿಡಿದು ಮನೆಯ ಪ್ರತಿಯೊಂದು ವಸ್ತುವನ್ನೂ ಎತ್ತಿ, ತಿರುಗಿಸಿ, ಬುಡವನ್ನೂ ಬಿಡದೆ ಒರೆಸುತ್ತಿದ್ದರು. ಟಿವಿ, ಫೋನು, ಗಡಿಯಾರ, ಆಮೇಲೆ ಬಂದ ಆ ರೂಟರು ಕೂಡ.

ರೂಟರು ತಂದದ್ದು ನನ್ನ ಮೈದುನ. ಅವನು ಟಿಪ್ಪರುಗಳನ್ನು ಓಡಿಸುವ ವ್ಯವಹಾರಕ್ಕೆ ಇಳಿದಿದ್ದ. ಬಂದರಿನಲ್ಲಿ ಅದಿರಿನ ದರ ಏನಿದೆ ಎಂದು ತಾಸಿಗೊಮ್ಮೆ ನೋಡಬೇಕಿತ್ತು. ಅವನ ಗಿರಾಕಿಗಳು ಹೊತ್ತಿಲ್ಲದ ಹೊತ್ತಿನಲ್ಲಿ ಬಂದು ನಡುಮನೆಯಲ್ಲಿ ಕೂತು, ಲ್ಯಾಪ್‌ಟಾಪ್ ಬಿಚ್ಚಿ, ಊಟ ಮಾಡಿ ಹೋಗುತ್ತಿದ್ದರು. ಅಡುಗೆ ನನ್ನದು. ವೈಫೈ ಪಾಸ್‌ವರ್ಡು ಮನೆದೇವರ ಹೆಸರು ಮತ್ತು ಮೈದುನನ ಮೊದಲ ಟಿಪ್ಪರಿನ ನಂಬರು; ಅದು ಊಟಕ್ಕೆ ಬಂದವರಿಗೆಲ್ಲ ಗೊತ್ತಿತ್ತು.

ನನ್ನ ಗಂಡ ಅವನ ಅಣ್ಣ. ಸಂಡೂರಿನ ಒಂದು ಗಣಿಯ ವೇಬ್ರಿಡ್ಜಿನಲ್ಲಿ, ಅಂದರೆ ಲಾರಿ ತೂಗುವ ಕಟ್ಟೆಯ ಕಂಪ್ಯೂಟರಿನ ಮುಂದೆ, ಅವನ ಕೆಲಸ. ತಮ್ಮನ ಟಿಪ್ಪರುಗಳೂ ಅವನ ಕಣ್ಣ ಮುಂದೆಯೇ ತೂಗಿಸಿಕೊಂಡು ಹೋಗುತ್ತಿದ್ದವು. ಮನೆಯಲ್ಲಿ ಕಂಪ್ಯೂಟರು ಬಲ್ಲವನೆಂದರೆ ಅವನು. ರೂಟರು ಜೋಡಿಸಲು ಕಂಪನಿಯವನು ಬಂದಾಗ ಪಕ್ಕದಲ್ಲಿ ಕೂತು ಎಲ್ಲ ಕೇಳಿ ತಿಳಿದುಕೊಂಡವನೂ ಅವನೇ.

ನನಗೂ ಒಂದು ಕೆಲಸವಿತ್ತು. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವಳೊಬ್ಬಳು ಹಂಪಿಯಲ್ಲಿ, ಗುಡಿಯ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಿದ್ದಳು. ಪರದೇಶದವರು ಇಂಗ್ಲಿಷಿನಲ್ಲಿ ಮೇಲ್ ಬರೆದು ಕೋಣೆ ಕೇಳುತ್ತಿದ್ದರು. ಅವಕ್ಕೆ ಉತ್ತರ ಬರೆಯುವುದು ನನ್ನ ಕೆಲಸ. ಬಿಸಿನೀರು ಇದೆಯೇ, ಸೊಳ್ಳೆ ಪರದೆ ಇದೆಯೇ, ದರೋಜಿಗೆ ಕರಡಿ ನೋಡಲು ಹೋಗಬಹುದೇ. ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡು ನಾನು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಅದು ಮೈದುನ ತನ್ನ ಆಫೀಸಿನಿಂದ ಎಸೆಯಲಿದ್ದ ಹಳೆಯದು, ಎಫ್ ಕೀಲಿ ಕಿತ್ತುಹೋಗಿತ್ತು. ಆ ಹೊತ್ತಿನಲ್ಲಿ ಯಾರೋ ಎಲ್ಲೋ ನನ್ನ ಮಾತು ನಂಬಿ ರೈಲಿನ ಟಿಕೆಟ್ ತೆಗೆಸುತ್ತಿದ್ದರು. ಅದು ನನಗೆ ಏನಾಗಿತ್ತೆಂದು ವಿವರಿಸಿದರೆ ಸಣ್ಣದಾಗುತ್ತದೆ. ವಿವರಿಸುವುದಿಲ್ಲ.

ಮೈದುನ ಊಟಕ್ಕೆ ಕೂತಾಗ ಗಿರಾಕಿಗಳ ಮುಂದೆ ಹೇಳುತ್ತಿದ್ದ: "ನಾವು ಇಲ್ಲಿ ಮಣ್ಣನ್ನ ಚೈನಾಕ್ ಕಳಸ್ತೀವಿ. ನಮ್ಮ ಅತ್ತಿಗೆಮ್ಮಾರು ಚೈನಾದವರನ್ನ ಹಂಪಿಗೆ ಕರಸ್ತಾರ. ಭಾರಿ ಎಕ್ಸ್‌ಪೋರ್ಟ್ ಇಂಪೋರ್ಟ್ ನಮ್ಮನ್ಯಾಗ!"

ಎಲ್ಲರೂ ನಗುತ್ತಿದ್ದರು. ಒಬ್ಬ ಗಿರಾಕಿ ನನ್ನ ಗಂಡನ ಕಡೆ ತಿರುಗಿ ಕೇಳಿದ್ದ: "ಮತ್ತ ಸಾಹೇಬ್ರು? ನೀವೇನ್ ಮಾಡ್ತೀರಿ?"

"ಅವ್ರು ತೂಗ್ತಾರ," ಎಂದ ಮೈದುನ.

ನನ್ನ ಗಂಡನೂ ನಕ್ಕ. ನಕ್ಕನೇ? ನಕ್ಕ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೇನೆ. ಆ ಮಾತು ನಡೆದದ್ದು ಹಬ್ಬಕ್ಕೆ ಎಷ್ಟು ಮೊದಲು ಎಂದು ನೆನಪಿಸಿಕೊಳ್ಳಲು ಹೋದರೆ ಅದು ಹಬ್ಬದ ಹಿಂದಿನ ದಿನಕ್ಕೇ ಬಂದು ನಿಲ್ಲುತ್ತದೆ. ಕಾರಣವೊಂದು ಬೇಕಾಗಿ ನನ್ನ ತಲೆಯೇ ಅದನ್ನು ಅಲ್ಲಿಗೆ ಎಳೆದು ತಂದಿರಬಹುದು.

ಆಯುಧಪೂಜೆಯ ದಿನ ಮನೆಯ ಯಂತ್ರಗಳನ್ನೆಲ್ಲ ನಡುಮನೆಯಲ್ಲಿ ಸಾಲಾಗಿ ಇಟ್ಟೆವು. ಮಿಕ್ಸರು, ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಮಿಷನ್ನು, ಎರಡು ಲ್ಯಾಪ್‌ಟಾಪು. ಹೊರಗೆ ಟಿಪ್ಪರುಗಳ ಚಕ್ರದಡಿ ನಿಂಬೆಹಣ್ಣು. ರೂಟರಿನ ವೈರು ಕಿತ್ತು ತಂದವನು ನನ್ನ ಗಂಡ. ಅತ್ತೆ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಪ್ರತಿಯೊಂದಕ್ಕೂ ಮೂರು ಬೆರಳು ಎಳೆದು, ಕುಂಕುಮ ಇಟ್ಟು, ಹೂ ಏರಿಸಿದರು. ರೂಟರಿಗೆ ಮುಖ ಯಾವುದು ಹಿಂಬದಿ ಯಾವುದು ಎಂದು ಅವರಿಗೆ ತಿಳಿಯಲಿಲ್ಲ; ಎರಡೂ ಕಡೆ ಹಚ್ಚಿದರು. ಪೂಜೆಯಾದ ಮೇಲೆ ಆ ದಿನ ಯಂತ್ರಗಳನ್ನು ಮುಟ್ಟುವಂತಿಲ್ಲ. ನಾನು ಮುಟ್ಟಲಿಲ್ಲ. ಕತ್ತಲಾದ ಮೇಲೆ ರೂಟರನ್ನು ಮೊದಲಿನ ಜಾಗದಲ್ಲಿಟ್ಟು ವೈರು ಚುಚ್ಚಿದವನೂ ಅವನೇ.

ಮರುದಿನ ನನ್ನ ಲ್ಯಾಪ್‌ಟಾಪಿಗೆ ನೆಟ್ ಸಿಗಲಿಲ್ಲ. ರೂಟರಿನ ಹೆಸರು ಕಾಣುತ್ತದೆ. ಪಾಸ್‌ವರ್ಡ್ ಹೊಡೆದರೆ ಸ್ವಲ್ಪ ಹೊತ್ತು ತಿರುಗಿ, ಸಂಪರ್ಕ ಆಗಲಿಲ್ಲ ಎನ್ನುತ್ತದೆ. ಮತ್ತೆ ಹೊಡೆದೆ. ದೊಡ್ಡಕ್ಷರ ಚಿಕ್ಕಕ್ಷರ ನೋಡಿದೆ. ಹಳೆಯ ಸಂಪರ್ಕವನ್ನು ಅಳಿಸಿ ಹೊಸದಾಗಿ ಸೇರಿಸಿದೆ. ಯಂತ್ರ ಆರಿಸಿ ಹಚ್ಚಿದೆ. ಮೈದುನನ ಲ್ಯಾಪ್‌ಟಾಪಿನಲ್ಲಿ ಬಂದರಿನ ದರ ಎಂದಿನಂತೆ ಓಡುತ್ತಿತ್ತು; ಹಗಲೆಲ್ಲ ಅದು ಅವನ ಮುಂದೆಯೇ ಇರುತ್ತಿತ್ತು.

"ನಿನ್ನ ಡಬ್ಬಿ ಹೋಗೈತಿ," ಎಂದ ಗಂಡ. "ಅದರ ವಯಸ್ಸೂ ಆತು."

ತರಕಾರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಅಂಗಡಿಗೆ ಲ್ಯಾಪ್‌ಟಾಪ್ ಒಯ್ದೆ. ಅಲ್ಲಿ ತಕ್ಷಣ ಸಂಪರ್ಕವಾಯಿತು. ನಿಂತುಕೊಂಡೇ ಎರಡು ಮೇಲ್‌ಗಳಿಗೆ ಉತ್ತರ ಕೊಟ್ಟು, ಮನೆಗೆ ಓಡಿಬಂದು ಸಾರಿಗೆ ಇಟ್ಟೆ. ದಿನಾ ಹಾಗೆ ಹೋಗುವುದಕ್ಕೆ ಗಿರಾಕಿಗಳ ಹೊಟ್ಟೆ ಬಿಡುತ್ತಿರಲಿಲ್ಲ.

ಸಂಜೆ ಗಂಡನಿಗೆ ಹೇಳಿದೆ: "ಡಬ್ಬಿ ಸರಿ ಐತ್ರಿ. ರೂಟರಿಂದೇ ಏನೋ ಆಗೈತಿ."

ಅವನು ಬೇಸರಿಸಲಿಲ್ಲ. ಅಂಗಿಯನ್ನೂ ಬದಲಿಸದೆ ತಮ್ಮನ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದ. ಇದನ್ನು ಒತ್ತಿ ಹೇಳಬೇಕು: ಅಷ್ಟು ತಾಳ್ಮೆಯಿಂದ ಅವನು ನನ್ನ ಯಾವ ಕೆಲಸಕ್ಕೂ ಕೂತಿದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಫೋನಿನ ಸ್ಪೀಕರ್ ಹಾಕಿದ್ದ.

"ಸರ್, ಬ್ರೌಸರ್‌ನಲ್ಲಿ ರೂಟರಿನ ಅಡ್ರೆಸ್ ಹೊಡೀರಿ. ಲಾಗಿನ್ ಕೇಳುತ್ತೆ. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್."

ಗಂಡ ಹೊಡೆದ. "ತಪ್ಪು ಅಂತೈತಲ್ರಿ."

"ಯಾರೋ ಬದಲಾಯಿಸಿದಾರೆ ಸರ್."

"ಜೋಡ್ಸಾಕ್ ಬಂದೋನೇ ಬದಲ್ಸಿರಬೇಕು ಬಿಡ್ರಿ," ಎಂದ ಗಂಡ.

"ರೂಟರ್ ತಿರುಗಿಸಿ ನೋಡಿ ಸರ್, ಕೆಳಗೆ ಸ್ಟಿಕ್ಕರ್ ಮೇಲೆ ಇರುತ್ತೆ."

ತಿರುಗಿಸಿದೆವು. ಸ್ಟಿಕ್ಕರ್ ಇತ್ತು, ಅದರ ಮೇಲೆ ಅಕ್ಷರಗಳಿರಲಿಲ್ಲ. ಅತ್ತೆಯ ಒದ್ದೆ ಬಟ್ಟೆ ಅದನ್ನು ಬಿಳಿ ಮಾಡಿತ್ತು, ನಡುವೆ ಎಲ್ಲೋ ಒಂದು ಕಪ್ಪು ಗೀಟು ಬಿಟ್ಟು.

"ನಿಮ್ಮ ಜನ ನೋಡ್ರಿ, ಬುಡಕ್ಕೂ ಬರಿಯೋದು!" ಎಂದರು ಅತ್ತೆ, ಫೋನಿನ ಕಡೆ ತಿರುಗಿ. "ಮ್ಯಾಲ್ ಬರದಿದ್ರ ನಾ ಮುಟ್ತಿದ್ನೇನು?"

ಸಹಾಯವಾಣಿಯವನು ಕೊನೆಯದಾಗಿ ಎರಡು ದಾರಿ ಹೇಳಿದ. ಒಂದು, ಕೇಬಲ್ ಹಾಕಿ ನನ್ನ ಲ್ಯಾಪ್‌ಟಾಪನ್ನು ನೇರವಾಗಿ ರೂಟರಿಗೆ ಜೋಡಿಸಿ ನೋಡುವುದು. ನಮ್ಮಲ್ಲಿ ಆ ಕೇಬಲ್ ಇರಲಿಲ್ಲ. "ನಮ್ಮ ಆಫೀಸ್ನ್ಯಾಗ ರಗಡ್ ಬಿದ್ದಾವು, ನಾಳೆ ತರ್ತೀನಿ," ಎಂದ ಗಂಡ. ಇನ್ನೊಂದು, ಹಿಂಬದಿಯ ತೂತಿನೊಳಗೆ ಪಿನ್ನು ಹಾಕಿ ಅರ್ಧ ನಿಮಿಷ ಒತ್ತುವುದು. ಆಗ ಯಂತ್ರ ಎಲ್ಲವನ್ನೂ ಮರೆತು ಅಂಗಡಿಯಿಂದ ತಂದಾಗ ಇದ್ದಂತೆ ಆಗುತ್ತದೆ.

ನನ್ನ ಬಳೆಯಲ್ಲಿದ್ದ ಪಿನ್ನು ಬಿಚ್ಚಿ ಕೊಟ್ಟೆ. ಗಂಡ ಅದನ್ನು ತೂತಿಗಿಟ್ಟು, ಒತ್ತಿ ಹಿಡಿದು, ಲಾರಿ ತೂಗುವಾಗಿನ ದೊಡ್ಡ ದನಿಯಲ್ಲಿ ಎಣಿಸಿದ. ದೀಪಗಳು ಆರಲಿಲ್ಲ. ಇನ್ನೊಮ್ಮೆ ಎಣಿಸಿದ. ಹಣೆಯಲ್ಲಿ ಬೆವರು ಬಂತು. ಅದು ನಿಜವಾದ ಬೆವರು. ಆಮೇಲೆ ಪಿನ್ನಿನ ತುದಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ತುದಿಯಲ್ಲಿ ಬಿಳಿ.

"ವಿಭೂತಿ ಕುಂತುಬಿಟ್ಟೈತಿ ಒಳಗ. ಒಣಗಿ ಕಲ್ಲಾಗೈತಿ. ಗುಂಡಿ ಅಲ್ಲಾಡವಲ್ದು."

ಮೈದುನ ಒಳಗಿನಿಂದ ನಗುತ್ತ ಕೂಗಿದ: "ಯವ್ವಾ, ನಿನ್ನ ದೇವ್ರು ಅತ್ತಿಗೆಮ್ಮನ ದಂಧೆ ಬಂದ್ ಮಾಡ್ಯಾನ್ ನೋಡು!"

ಅತ್ತೆ ನಗಲಿಲ್ಲ. "ಮಿಕ್ಸರಿಗೂ ಹಚ್ಚೀನಿ, ತಿರುಗವಲ್ದೇನು?" ಎಂದರು. ನನಗೂ ಆಗ ಸಿಟ್ಟಿದ್ದದ್ದು ಆ ವಿಭೂತಿಯ ಮೇಲೆಯೇ. ಮನೆಗೆ ಬಂದವರಿಗೆಲ್ಲ ಆ ಕತೆ ಹೇಳಲಾಯಿತು. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವರೂ ಕೇಳಿ ನಕ್ಕು ಹೋದರು.

ಮರುದಿನ ಗಂಡ ಕೇಬಲ್ ತರಲಿಲ್ಲ. ಮರೆತೆ ಎಂದ. ಅದರ ಮರುದಿನವೂ ಮರೆತ.

ಅಷ್ಟರಲ್ಲಿ ಹಂಪಿಯ ಗೆಳತಿ ಬಸ್ ಹಿಡಿದು ಬಂದಳು. ಒಳಗೆ ಬರದೆ ಮೆಟ್ಟಿಲ ಮೇಲೇ ನಿಂತಳು.

"ಏನ್ಲೇ, ಸತ್ತೀಯೋ ಬದುಕೀಯೋ? ದಸರಾ ಮುಗೀತು, ಸೀಜನ್ ಸುರು. ನನ್ನ ಕೋಣಿ ಎಲ್ಲಾ ಖಾಲಿ. ಬಾಜೂದವನ ಮನ್ಯಾಗ ಮಾಳಗಿ ಮ್ಯಾಲ್ ಸೈತ ಚಾಪಿ ಹಾಸ್ಯಾನ."

"ನೆಟ್ ಕೆಟ್ಟೈತಲೇ. ಕುಂದ್ರು, ಹೇಳ್ತೀನಿ."

"ಕುಂದ್ರಾಕ್ ಬಂದಿಲ್ಲ. ಹೋದ ವರ್ಷ ಬಂದಿದ್ದ ಆ ಯೋಗದೋರು ನೆನಪದಾರಿಲ್ಲ, ಗುಂಪು? ಅವ್ರು ಈ ಸಲ ಪೂರಾ ತಿಂಗಳು ಬರ್ತಾರಂತ. ಫೋನ್ ಮಾಡಿದ್ರು, ನನಗೇನ್ ತಿಳೀತದ? ಮೇಲ್ ಮೇಲ್ ಅಂದ್ರು, ಇಟ್ರು. ಜವಾಬ್ ಹೋಗದಿದ್ರ ಅವ್ರು ಗೋವಾದಾಗೇ ಕುಂತುಬಿಡ್ತಾರ."

"ಇವತ್ತು ನಮ್ಮನೆಯವರು ಕೇಬಲ್ ತರ್ತಾರ. ಸಂಜಿಗೆ ಬರೀತೀನಿ. ಖರೇ."

ಅವಳು ಒಂದು ಮೆಟ್ಟಿಲು ಇಳಿದಳು. "ನಾಳೆ ಮಧ್ಯಾಹ್ನತನಕ ನೋಡ್ತೀನಿ. ಆಮ್ಯಾಲ್ ನಂದು ನಾ ನೋಡ್ಕೋಬೇಕಾಗ್ತದ. ಸಿಟ್ಟಾಗಬ್ಯಾಡ."

ಆ ಸಂಜೆ ಗಂಡ ಬರಿಗೈಯಲ್ಲಿ ಬಂದ. ನಾನು ಏನೂ ಕೇಳುವ ಮೊದಲೇ, "ಸ್ಟೋರ್ ಬಾಗಲ ಹಾಕಿತ್ತು," ಎಂದ. ಗೆಳತಿ ಬಂದು ಹೋದದ್ದನ್ನು, ಗುಂಪಿನ ವಿಷಯವನ್ನು, ಎಲ್ಲವನ್ನೂ ಅವನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ. "ನಾಳೆ ನೋಡೋಣು" ಎಂದ.

ಮರುದಿನ ಮಧ್ಯಾಹ್ನ. ಗಿರಾಕಿಗಳು ಉಂಡು ಹೋಗಿದ್ದರು, ಮೈದುನ ಟಿಪ್ಪರಿನ ಹಿಂದೆ ಹೋಗಿದ್ದ, ಅತ್ತೆ ಮಲಗಿದ್ದರು. ವಿಭೂತಿಯನ್ನು ಹೇಗಾದರೂ ಕೆರೆದು ತೆಗೆಯಬೇಕೆಂದು ನಾನು ದಬ್ಬಳ, ಕೊಬ್ಬರಿ ಎಣ್ಣೆ, ಹತ್ತಿಯ ಬತ್ತಿ ಎಲ್ಲ ಇಟ್ಟುಕೊಂಡು ಕೂತೆ. ಮೊದಲು ತೂತು ಎಷ್ಟು ಆಳ ಇದೆ ನೋಡೋಣವೆಂದು ಹೊಲಿಗೆಯ ಸೂಜಿಯ ಹಿಂಬದಿಯನ್ನು ಒಳಗಿಟ್ಟೆ.

ಟಕ್.

ಏನೂ ಅಡ್ಡ ಇರಲಿಲ್ಲ. ಕಲ್ಲೂ ಇಲ್ಲ, ವಿಭೂತಿಯೂ ಇಲ್ಲ. ಗುಂಡಿ ಹೊಸ ಪೆನ್ನಿನ ತಲೆಯ ಹಾಗೆ ಒಳಗೆ ಹೋಯಿತು, ಹೊರಗೆ ಬಂತು. ಸೂಜಿ ತೆಗೆದು ನೋಡಿದೆ. ಬಿಳಿ ಇದ್ದದ್ದು ತೂತಿನ ಅಂಚಿಗೆ ತಾಗಿದ್ದ ಕಡೆ ಮಾತ್ರ. ಮತ್ತೆ ಇಟ್ಟು ಒತ್ತಿ ಹಿಡಿದೆ. ದೀಪಗಳೆಲ್ಲ ಒಮ್ಮೆಗೇ ಆರಿ ಒಂದೊಂದಾಗಿ ಹತ್ತಿಕೊಂಡವು.

ಆಮೇಲಿನ ಕೆಲಸ ಎಷ್ಟು ಹೊತ್ತು ಹಿಡಿಯಿತೋ. ರೂಟರು ಈಗ ಪಾಸ್‌ವರ್ಡೇ ಇಲ್ಲದೆ ತೆರೆದುಕೊಂಡಿತ್ತು. ನನ್ನ ಲ್ಯಾಪ್‌ಟಾಪ್ ಸೇರಿಕೊಂಡಿತು. ಅಡ್ಮಿನ್ ಅಡ್ಮಿನ್ ಎಂದಾಗ ರೂಟರಿನ ಸೆಟ್ಟಿಂಗುಗಳ ಒಳಪುಟ ತೆರೆಯಿತು. ಆದರೆ ರೂಟರು ಫೋನಿನ ಲೈನನ್ನೂ ಮರೆತಿತ್ತು. ಸಹಾಯವಾಣಿಗೆ ಫೋನು ಮಾಡಿ ಲೈನಿನ ಹೆಸರು, ಪಾಸ್‌ವರ್ಡ್ ಕೇಳಿ ತುಂಬಿದೆ. ಮನೆಯ ಹಳೆಯ ವೈಫೈ ಹೆಸರು, ಮನೆದೇವರು, ಟಿಪ್ಪರಿನ ನಂಬರು, ಎಲ್ಲ ಮತ್ತೆ ಹಾಕಿದೆ. ಒಳಪುಟಕ್ಕೆ ಹೊಸ ಪಾಸ್‌ವರ್ಡ್ ಇಟ್ಟೆ. ಕೊನೆಗೆ ಫೋನಿನಲ್ಲಿದ್ದವನನ್ನು ಕೇಳಿದೆ, ಪಾಸ್‌ವರ್ಡ್ ಸರಿ ಇದ್ದರೂ ಇಷ್ಟು ದಿನ ನನ್ನದಕ್ಕೆ ಮಾತ್ರ ಏಕೆ ಸಿಗುತ್ತಿರಲಿಲ್ಲ?

"ಮೇಡಂ, ಒಂದು ಲಿಸ್ಟ್ ಇರುತ್ತೆ. ಯಾವ ಕಂಪ್ಯೂಟರ್ ಬೇಡ ಅಂತ ಅದರಲ್ಲಿ ಹಾಕಿದ್ರೆ ಅದಕ್ಕೆ ಮಾತ್ರ ಸಿಗಲ್ಲ. ಯಾರಾದರೂ ಹಾಕಿರಬೇಕು. ರಿಸೆಟ್ ಆದ್ಮೇಲೆ ಅದೆಲ್ಲ ಅಳಿಸಿಹೋಗುತ್ತೆ, ಟೆನ್ಷನ್ ಬೇಡ."

ಇಲ್ಲಿ ನನ್ನ ನೆನಪು ಸುಳ್ಳು ಹೇಳುತ್ತದೆ. ಆ ಪಟ್ಟಿ ನನಗೆ ಕಾಣುತ್ತದೆ: ಬೂದು ಬಣ್ಣದ ಚೌಕ, ಅದರಲ್ಲಿ ನನ್ನ ಲ್ಯಾಪ್‌ಟಾಪಿನ ಹೆಸರೊಂದೇ. ಆದರೆ ನಾನು ಅದನ್ನು ನೋಡಿರಲು ಸಾಧ್ಯವಿಲ್ಲ. ಒಳಪುಟಕ್ಕೆ ಹೋಗಲು ನಾನು ಗುಂಡಿ ಒತ್ತಬೇಕಿತ್ತು. ಒತ್ತಿದರೆ ಪಟ್ಟಿ ಅಳಿಯುತ್ತಿತ್ತು. ನಾನು ನೋಡಿದ್ದು ಖಾಲಿ ಚೌಕ. ಉಳಿದದ್ದನ್ನು ನಾನೇ ಬರೆದುಕೊಂಡಿದ್ದೇನೆ. ಸಾಕ್ಷಿಯೆಂದು ನನ್ನ ಬಳಿ ಇದ್ದದ್ದು ಒಂದು ಟಕ್ ಮಾತ್ರ. ಒಳಪುಟದ ಪಾಸ್‌ವರ್ಡ್ ಕಲಿತವನು ಮನೆಯಲ್ಲಿ ಒಬ್ಬನೇ, ಒತ್ತದೆ ಒತ್ತಿದಂತೆ ಎಣಿಸಿದವನೂ ಅವನೇ. ಮೈದುನನಿಗೆ ರೂಟರಿಗೊಂದು ಒಳಪುಟ ಇದೆಯೆಂದೇ ತಿಳಿದಿರಲಿಲ್ಲ.

ಗಂಟೆ ನೋಡಿದೆ. ಮಧ್ಯಾಹ್ನ ಇನ್ನೂ ಪೂರ್ತಿ ಹೋಗಿರಲಿಲ್ಲ ಎನಿಸಿತು. ಗೆಸ್ಟ್‌ಹೌಸಿನ ಮೇಲ್ ತೆರೆದೆ. ಹೆಸರು ಹೊಡೆದೆ, ಪಾಸ್‌ವರ್ಡ್ ಹೊಡೆದೆ. ತಪ್ಪು ಎಂದಿತು. ಮತ್ತೆ ಹೊಡೆದೆ. ಎಫ್ ಕೀಲಿಯ ಗುಳಿಯನ್ನು ಗಟ್ಟಿಯಾಗಿ ಒತ್ತಿ ಹೊಡೆದೆ. ತಪ್ಪು.

ಗೆಳತಿಗೆ ಫೋನು ಮಾಡಿದೆ.

"ಬಜಾರದಾಗ ಸೈಬರ್ ಇಟ್ಟೋನಿಗೆ ಕೊಟ್ಟೆ ನೋಡು," ಎಂದಳು. "ಈಗ ತಾಸಿನ ಕೆಳಗ. ಅವನು ಪಾಸ್‌ವರ್ಡ್ ಬದಲಿ ಮಾಡಬೇಕು ಅಂದ, ಮಾಡಿದ. ಗುಂಪಿನೋರಿಗೆ ಜವಾಬ್ ಹೋತು, ಅವ್ರು ಹ್ಞೂಂ ಅಂದ್ರು."

"ನಂದು ಈಗ ಸರಿ ಆಗೈತಿ."

"ಆತು ಬಿಡು. ಸೀಜನ್ ಮುಗೀಲಿ, ನೋಡೋಣಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಸೀಜನ್ ಮುಗಿಯಿತು; ನೋಡಲಿಲ್ಲ.

ಸಂಜೆ ಗಂಡ ಬಂದ. ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ. ಕೆಂಪು ನೀರು ಹರಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಹೇಳಿದೆ: "ರೂಟರ್ ಸರಿ ಮಾಡಿದೆ. ಗುಂಡಿ ಸಲೀಸ್ ಐತ್ರಿ. ಒಳಗ ಏನೂ ಇಲ್ಲ."

ಅವನ ಕೈಗಳು ಮುಖದ ಮೇಲೆ ನಿಂತವು. ನೀರು ಬೆರಳ ಸಂದಿನಿಂದ ಇಳಿಯಿತು. "ಹೌದಾ? ಕೇಬಲ್ ತಂದಿದ್ದೆ ಇವತ್ತು," ಎಂದ.

ತಂದಿದ್ದ. ನೀಲಿ ಬಣ್ಣದ ಕೇಬಲ್ ಚೀಲದಲ್ಲಿತ್ತು.

"ಕೆಲಸ ಹೋತು. ಆಕಿ ಬ್ಯಾರೆಯವರಿಗೆ ಕೊಟ್ಟಳು."

"ಹೋಗ್ಲಿ ಬಿಡು. ನಿನಗೂ ಆರಾಮ್ ಆತು."

ಟವೆಲ್ಲಿಗೆ ಕೈ ಚಾಚಿದ. ನಾನು ಕೊಟ್ಟೆ. ಅಷ್ಟೇ ನಡೆದದ್ದು. ಈ ಜಾಗದಲ್ಲಿ ಒಂದು ಜಗಳ ಇರಬೇಕಿತ್ತೆಂದು ಎಷ್ಟೋ ಸಲ ಅನ್ನಿಸಿ ಅದರ ಮಾತುಗಳನ್ನು ಬರೆದದ್ದೂ ಇದೆ. ಅವು ಚೆನ್ನಾಗಿದ್ದವು. ಆಡಿದ ಮಾತುಗಳಾಗಿರಲಿಲ್ಲ.

ಕೆಲವು ದಿನಗಳ ಮೇಲೆ ಅತ್ತೆಗೆ ಹೇಳಿದೆ, ರೂಟರು ಕೆಟ್ಟದ್ದು ವಿಭೂತಿಯಿಂದ ಅಲ್ಲ ಎಂದು. ಅವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಯಾಕೆ ಕೆಟ್ಟಿತು ಎಂದು ಕೇಳಲಿಲ್ಲ. "ಇವ ಸಣ್ಣಾವ ಇದ್ದಾಗ ಇನ್ನೊಬ್ಬನ ಬಳಪ ಮುಚ್ಚಿಡ್ತಿದ್ದ," ಎಂದರು. "ಆಮ್ಯಾಲ್ ಅವನ ಜೋಡಿ ತಾನೂ ಹುಡುಕ್ತಿದ್ದ. ಮಂಚದ ಕೆಳಗ, ಬಣವಿ ಹಿಂದ. ಎಲ್ಲರ್ಗಿಂತ ಜಾಸ್ತಿ ಇವನೇ ಹುಡುಕ್ತಿದ್ದ."

ಈ ಮಾತು ನನ್ನ ಕತೆಗೆ ಅತಿ ಚೆನ್ನಾಗಿ ಹೊಂದುತ್ತದೆ. ಅದಕ್ಕೇ ಇದರ ಮೇಲೆ ನನಗೆ ನಂಬಿಕೆ ಕಡಿಮೆ. ಅತ್ತೆ ಹೇಳಿದ್ದು ಮೈದುನನ ಬಗ್ಗೆಯೂ ಇರಬಹುದು. ಅವರು 'ಇವ' ಎಂದದ್ದು ಮಾತ್ರ ನಿಜ, ಹೆಸರು ಹಿಡಿಯಲಿಲ್ಲ.

ಒಳಪುಟದ ಪಾಸ್‌ವರ್ಡ್ ಆಮೇಲೆ ನನ್ನ ಬಳಿಯೇ ಉಳಿಯಿತು. ಗಂಡನೂ ಆ ವರ್ಷ ಒಂದು ಲ್ಯಾಪ್‌ಟಾಪ್ ಕೊಂಡ. ಬೇಕಿದ್ದರೆ ಆ ಖಾಲಿ ಚೌಕದಲ್ಲಿ ಅವನದನ್ನು ಹಾಕಬಹುದಿತ್ತು. ನೆಟ್ ಸಿಗುತ್ತಿಲ್ಲವೆಂದು ಅವನು ಕರೆದಾಗ ಬಳೆಯ ಪಿನ್ನು ಬಿಚ್ಚಿ, ಪಕ್ಕದಲ್ಲಿ ಕೂತು, ದೊಡ್ಡ ದನಿಯಲ್ಲಿ ಎಣಿಸಬಹುದಿತ್ತು. ಹಾಗೆ ಮಾಡಿದೆ ಎಂದು ಬರೆದರೆ ಓದುವವರಿಗೆ ಖುಷಿಯಾಗುತ್ತದೆ. ಮಾಡಲಿಲ್ಲ. ದೊಡ್ಡತನದಿಂದಲ್ಲ, ಎಣಿಸುತ್ತ ಕೂರುವ ಆ ತಾಳ್ಮೆ ನನಗಿರಲಿಲ್ಲ.

ಮುಂದಿನ ಆಯುಧಪೂಜೆಗೆ ಯಂತ್ರಗಳು ಮತ್ತೆ ಸಾಲಾಗಿ ಕೂತವು. ಅತ್ತೆ ಮಿಕ್ಸರಿಗೆ ವಿಭೂತಿ ಎಳೆದರು, ಇಸ್ತ್ರಿ ಪೆಟ್ಟಿಗೆಗೆ ಎಳೆದರು, ರೂಟರಿನ ಮುಂದೆ ಬಂದಾಗ ಕೈ ಹಿಂದೆ ತೆಗೆದುಕೊಂಡರು.

"ಅದಕ್ಕ ಬ್ಯಾಡ," ಎಂದರು. "ಹೋದ ಸಲ ನನ್ನಿಂದ ಕೆಟ್ಟಿತಂತ."

"ಹಚ್ಚು ಯವ್ವಾ, ಈ ಸಲ ನನ್ನ ದಂಧೆನೂ ಬಂದ್ ಆಗ್ಲಿ," ಎಂದು ಮೈದುನ ನಕ್ಕ. ಗಂಡ ಕರ್ಪೂರದ ಪೊಟ್ಟಣ ಬಿಚ್ಚುತ್ತಿದ್ದ. ಬಿಚ್ಚುತ್ತಲೇ ಇದ್ದ.

ನಾನು ಅತ್ತೆಯ ಮುಂದಿನ ಬಟ್ಟಲಿಗೆ ಮೂರು ಬೆರಳು ಅದ್ದಿದೆ. ರೂಟರನ್ನು ಎತ್ತಿ, ಹಿಂಬದಿಯನ್ನು ಗಂಡನ ಕಡೆ ತಿರುಗಿಸಿ ಹಿಡಿದು, ಆ ತೂತಿನ ಮೇಲೆಯೇ ದಪ್ಪಗೆ ಎಳೆದೆ. ತೂತು ಮುಚ್ಚಿಹೋಯಿತು. ಅವನು ನೋಡಿದ. ಅತ್ತೆ ಅವನನ್ನು ನೋಡಿದರು.

ಮರುದಿನ ಬೆಳಿಗ್ಗೆ ಎಲ್ಲರ ಯಂತ್ರಗಳಲ್ಲೂ ನೆಟ್ ಬಂತು. ನನ್ನದರಲ್ಲೂ ಬಂತು. ನೋಡಲು ನನಗೇನೂ ಇರಲಿಲ್ಲ. ಬಂದರಿನ ದರ ನೋಡಿ ಮುಚ್ಚಿಟ್ಟೆ.